ನಮ್ ಭಾವ ಇಟ್ಟ ಹೆಸರು

ಹಾರ್ಡ್ ಡಿಸ್ಕಿಗೆ ಅರಿಶಿಣ-ಕುಂಕುಮದ ವಾಸನೆ ಬರಾದನ್ನ ನೀವು ಎಲ್ಲಾರ ಕಂಡೀರಾ? ನಮ್ಮನ್ಯಾಗೆ ಐತೆ. ಬೇಕಾದ್ರೆ ಬಂದು ಮೂಸಿ ನೋಡ್ರಿ. ಈಗ್ಲೂ ನನ್ನ ಮೇಜಿನ ಮ್ಯಾಲೆ ಕುಂತೈತೆ. ಅಂಗೈ ಅಗಲದ ಕರೇ ಡಬ್ಬಿ, ಅದರ ಸುತ್ತ ಒಂದು ಹಸಿರು ರವಿಕೆ ಖಣ, ಖಣದ ಮೂಲ್ಯಾಗೆ ಎರಡು ಅಡಿಕೆ ಬೇರೆ ಗಂಟು ಹಾಕೈತೆ. ನಮ್ ಗಿರಿಜಕ್ಕ ಯಾರಿಗೆ ಏನು ಕೊಟ್ರೂ ಬರಿದಾಗಿ ಕೊಡಾಕಿ ಅಲ್ಲ. ತವರಿಗೆ ಬಂದ ಹೆಣ್ಮಗಳಿಗೆ ಉಡಿ ತುಂಬಿ ಕಳಿಸಿದಂಗೆ ಡಿಸ್ಕಿಗೂ ಉಡಿ ತುಂಬಿ ಕಳಿಸ್ಯಾಳೆ. ಈ ವಾಸನೆ ಮೂಗಿಗೆ ಬಡಿದ್ರೆ ಸಾಕು, ನಂಗೆ ನಮ್ ಭಾವ ನೆನಪಾಗ್ತಾರೆ. ಆ ಕಥಿ ಹೇಳ್ತೀನಿ, ಕೂಡ್ರಿ. ಅವಸರ ಇದ್ರೆ ಹೋಗ್ರಿ, ನಂಗೇನು ಬ್ಯಾಸರ ಇಲ್ಲ. ಆದ್ರೆ ಆಮ್ಯಾಲೆ ಬಂದು ಏನಾತು ಅಂತ ಕೇಳಿದ್ರೆ ಹೇಳಂಗಿಲ್ಲ.

ಮೊದ್ಲು ನನ್ನ ವಿಚಾರ ಹೇಳ್ತೀನಿ, ಯಾಕಂದ್ರೆ ಈ ಕಥ್ಯಾಗೆ ನಾನೇ ದೊಡ್ಡೋನು. ದಾವಣಗೆರೆ ಕೋರ್ಟಿನ ಮುಂದೆ ಬೇವಿನ ಮರದ ನೆರಳಾಗೆ ಟೈಪ್‌ರೈಟರ್ ಇಟ್ಕಂಡು ಕುಂದ್ರತಿದ್ದೋನು ನಾನು. ಅರ್ಜಿ, ಕರಾರು, ಪಾಲುಪಟ್ಟಿ, ಏನೇ ಇರ್ಲಿ, ನನ್ನ ಬೆರಳು ಬಿದ್ದ ಕಾಗದದಾಗೆ ಒಂದು ಒತ್ತಕ್ಷರ ತಪ್ಪು ಹಿಡಿಯಾ ಜಡ್ಜು ಇನ್ನೂ ಹುಟ್ಟಿಲ್ಲ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ ಉಳಿದೋರೆಲ್ಲ ಹೆದರಿ ಮನೆ ಹಿಡಿದ್ರು. ನಾನು ಮಾತ್ರ ಎರಡೇ ದಿನದಾಗೆ ಅದನ್ನ ಪಳಗಿಸಿ ಕಟ್ಟಿಹಾಕಿದೆ. ನಮ್ಮನೆಯಾಕೆ ಒಂದು ವಾರ ಹಿಡೀತು ಅಂತಾಳೆ. ಆಕಿ ಮಾತು ನಂಬಬ್ಯಾಡ್ರಿ.

ಇನ್ನೊಂದು ವಿದ್ಯೆ ಐತೆ ನನ್ನತ್ರ. ಚೇಷ್ಟೆ. ಅದಕ್ಕೆ ವಯಸ್ಸಾಗಲ್ಲ. ಈಗ್ಲೂ ನಮ್ಮನೆಯಾಕೆ ಅಡಿಗೆ ಮನಿಯಿಂದ ಕರೆದ್ರೆ ನಾನು ಕಿವುಡನಂಗೆ ಕುಂದ್ರತೀನಿ. ಒಂದು ಸಲ ಕರೀತಾಳೆ, ಎರಡು ಸಲ ಕರೀತಾಳೆ, ಮೂರನೇ ಸಲಕ್ಕೆ ಸೌಟು ಹಿಡಕಂಡು ಬಾಗಿಲಿಗೆ ಬರ್ತಾಳೆ. ಆವಾಗ "ಕರೆದ್ಯೇನೆ?" ಅಂತೀನಿ. ಆ ಮುಖ ನೋಡಾಕೆ ನಂಗೆ ಭಾಳ ಖುಷಿ. ಮದುವೆಯಾದಾಗಿಂದ ನಡೆದೈತೆ ಈ ಆಟ. ಆಕಿಗೂ ಗೊತ್ತು, ನಂಗೂ ಗೊತ್ತು.

ಭಾವ ಅಂದ್ರೆ ಗಿರಿಜಕ್ಕನ ಯಜಮಾನ್ರು, ಹರಿಹರದ ಮೈಕ್ ರುದ್ರಪ್ಪ. ಪೂರ್ತಿ ಹೆಸರು ಕೇಳಿದ್ರೆ ಅವರ ಓಣಿಯೋರಿಗೇ ಗೊತ್ತಾಗ್ತಿರಲಿಲ್ಲ, ಮೈಕ್ ರುದ್ರಪ್ಪ ಅಂದ್ರೆ ಹೊಳೆ ಆಚೆ ದಂಡಿಯೋರೂ ಮನೆ ತೋರಸ್ತಿದ್ರು. ಸುತ್ತ ಹಳ್ಳಿ ಮದುವೆಗೆಲ್ಲ ಅವರದೇ ಹಾರ್ನು. ಹಾರ್ನು ಅಂದ್ರೆ ಬಸ್ಸಿಂದಲ್ರಿ. ಉಮ್ಮತ್ತಿ ಹೂವಿನಂಗೆ ಬಾಯಿ ತಕ್ಕಂಡು ಕಂಬದ ತುದಿಗೆ ಕುಂದ್ರತಿತ್ತಲ್ಲ, ಆ ಲೌಡ್ ಸ್ಪೀಕರ್. ಮದುವೆ ಮನ್ಯಾಗೆ ಇನ್ನೂ ಒಲಿ ಹಚ್ಚಿರಲ್ಲ, ಅಷ್ಟ್ರಾಗೆ ಭಾವನ "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಊರೆಲ್ಲ ಎಬ್ಬಸ್ತಿತ್ತು. ಆ ಮನುಷ್ಯ ಮಾತಾಡ್ತಿದ್ದದ್ದೇ ಅಷ್ಟು. ಮೈಕ್ ಬಿಟ್ರೆ ಬಾಯಿಗೆ ಬೀಗ. ದಿನಾ ಊರಿಗೆಲ್ಲ ಕೇಳಂಗೆ ಕೂಗಾ ಮನುಷ್ಯ ಮನ್ಯಾಗೆ ಉಪ್ಪು ಬೇಕಾದ್ರೂ ಬೆರಳು ಮಾಡಿ ತೋರಸ್ತಿದ್ರು.

ನಾನು ರಜಾ ಬಂತಂದ್ರೆ ಅವರ ಹಿಂದೆ ಮದುವೆ ಮದುವೆ ತಿರುಗ್ತಿದ್ದೆ. ಊಟಕ್ಕಲ್ರಿ, ಮೈಕಿಗೆ. ಭಾವ ಊಟಕ್ಕೆ ಎದ್ರೆ ಮೈಕು ನನ್ನ ಕೈಗೆ. ಮಲೆಬೆನ್ನೂರಿನ ಒಂದು ಮದುವ್ಯಾಗೆ ಭಾರಿ ಗಂಭೀರವಾಗಿ ಹೇಳಿದೆ, "ಬಂಧುಗಳ ಗಮನಕ್ಕೆ, ಕೈ ತೊಳಿಯಾ ಜಾಗದಾಗೆ ಒಂದು ಹಲ್ ಸೆಟ್ಟು ಸಿಕ್ಕೈತೆ, ಕಳಕಂಡೋರು ಬಂದು ಹಾಕಿ ತೋರಿಸಿ ತಗಂಡು ಹೋಗಬೇಕು." ಸಾಲಾಗಿ ಊಟಕ್ಕೆ ಕುಂತಿದ್ದ ಮುದುಕರೆಲ್ಲ ಒಮ್ಮೆಲೆ ಬಾಯಿಗೆ ಕೈ ಇಟ್ರು. ಒಬ್ಬ ಅಂತೂ ಎದ್ದು ಬಂದೇಬಿಟ್ಟ. ಭಾವ ಸಾರು ಕೈಲೇ ಓಡಿ ಬಂದು ಮೈಕ್ ಕಸಕಂಡು ಅಂದದ್ದು ಒಂದೇ ಮಾತು, "ಮಂಗ್ಯಾ." ಅವತ್ತಿಂದ ಅವರ ಬಾಯಾಗೆ ನನ್ನ ಹೆಸರು ಅದೇ ಆತು.

ಅವರ ದನಿ ನಾನು ಥೇಟ್ ಹಂಗೇ ಮಾಡ್ತಿದ್ದೆ. ಒಂದು ಸಲ ಮೈಕಿನಾಗೆ ಅವರ ದನಿ ಮಾಡಿ "ಗಿರಿಜಾ, ಎಲ್ಲಿದೀಯ, ಬೇಗ ಬಾ" ಅಂತ ಕರೆದೆ. ಹಾರ್ನಿನ ಹತ್ರ ನಿಂತಿದ್ದ ಭಾವಂಗೇ ಗಾಬರಿ, ನಾನ್ಯಾವಾಗ ಮಾತಾಡಿದೆ ಅಂತ. ಅಕ್ಕ ಮಾತ್ರ ನೆಟ್ಟಗೆ ಬಂದು ನನ್ನ ಕಿವಿ ಹಿಡಿದ್ಲು. "ನಾನು ಅಂತ ಹೆಂಗ್ ಗೊತ್ತಾತು?" ಅಂದೆ. "ಅವ್ರು ಯಾವತ್ತು ನನ್ನ ಹೆಸರು ಹಿಡಿದು ಕರೆದಾರೆ?" ಅಂದ್ಲು. ಈ ಮಾತು ನೆನಪಿಟ್ಕಳ್ರಿ. ನಾನಂತೂ ಮರೆತಿದ್ದೆ.

ನಮ್ಮಕ್ಕ ಅರಿಶಿಣ ಹಚ್ಚಾ ಶಾಸ್ತ್ರಕ್ಕೆ ಹಾಡಾಕಿ. ನಮ್ಮ ಕಡೆ ಮದುವ್ಯಾಗೆ ಮಾಂಗಲ್ಯ ಎಷ್ಟು ಖರೇನೋ ಆಕಿ ಪದ ಅಷ್ಟೇ ಖರೆ. ಯಾರೂ ಕಲಿಸಿದ್ದಲ್ಲ, ನಮ್ಮವ್ವನ ಒಂದಿಷ್ಟು ಸಾಲಿಗೆ ತನ್ನದೊಂದಿಷ್ಟು ಸೇರಿಸಿ ಕಟ್ಟಿದ್ದು.

"ಬಟ್ಟಲ ಅರಿಸ್ಣ ಕಲಸಿ ತಂದೆ, ಅಂಗಳಕೆಲ್ಲ ಬೆಳಕಾತು,
ಕೂಡೇ ಕೂಸೇ ಮಣೆಯ ಮ್ಯಾಲೆ, ಹೋಗೋ ಮನಿಯು ಹತ್ರಾತು."

ಹತ್ರಾತು ಅನ್ನಾವಾಗ ದನಿ ಒಂಚೂರು ಕೆಳಗಿಳೀತಿತ್ತು. ಅಲ್ಲಿಗೆ ಹುಡುಗಿ ಅವ್ವ ಸೆರಗು ಕಣ್ಣಿಗೆ ಒತ್ತಿಕಳ್ತಿದ್ಲು. ಆದ್ರೆ ಒಂದು ವಿಚಿತ್ರ ಏನಪ್ಪಾ ಅಂದ್ರೆ, ಬ್ಯಾರೆ ಹೆಂಗಸ್ರು ಹಾಡಿದ್ರೆ ಭಾವ ಮೈಕು ತಗಂಡೋಗಿ ಮುಂದೆ ಹಿಡೀತಿದ್ರು, ಊರೆಲ್ಲ ಕೇಳ್ತಿತ್ತು. ಅಕ್ಕ ಬಾಯಿ ತೆಗೆದ್ಲು ಅಂದ್ರೆ ಹಾರ್ನ್ ಬಂದ್. ಪ್ರತಿ ಮದುವ್ಯಾಗೂ ಹಂಗೇ. ಅಕ್ಕಂಗೆ ಅದೊಂದು ಮುಳ್ಳು. ಬಾಯಿ ಬಿಟ್ಟು ಯಾವತ್ತೂ ಕೇಳಲಿಲ್ಲ, ಆದ್ರೆ ಮದುವೆ ಮುಗಿಸಿ ಬಂದ ದಿನ ಭಾವಂಗೆ ತಾಟು ಇಡಾ ಸಪ್ಪಳದಾಗೆ ಎಲ್ಲ ಹೇಳ್ತಿದ್ಲು.

ಕಾಲ ಹೋತು, ಹಾರ್ನು ಹೋದವು. ಭಾವ ವೀಡಿಯೋ ಕ್ಯಾಮೆರಾ ಹಿಡಿದ್ರು. ಅದೂ ಹಳೇದಾತು. ಕೊನೆಗೆ ಒಂದು ಹಳೇ ಕಂಪ್ಯೂಟರ್ ತಂದು ಪಡಸಾಲ್ಯಾಗೆ ಇಟ್ಕಂಡು, ಟ್ರಂಕಿನಾಗಿದ್ದ ಕ್ಯಾಸೆಟ್ಟು, ವೀಡಿಯೋ ಟೇಪು ಎಲ್ಲಾನೂ ಅದಕ್ಕೆ ಇಳಸ್ತಾ ಕುಂತ್ರು. ಕನ್ನಡ ಟೈಪಿಂಗ್ ಕಲಿಸಿದ ಗುರು ಯಾರು ಅಂತೀರಿ? ನಾನೇ. ಇಳಿಸಿ, ಎಲ್ಲಾನೂ ಒಂದು ಡಿಸ್ಕಿಗೆ ತುಂಬಿ ಮುಗಿಸಿದ್ರು. ಮುಗಿಸಿದ ಮಳೆಗಾಲದಾಗೇ ಹೋಗಿಬಿಟ್ರು. ಕುಂತಲ್ಲೇ ಹೋದ್ರು, ಸದ್ದಿಲ್ಲದೆ, ಬದುಕಿದ್ದಂಗೇ.

ಆಮ್ಯಾಲೆ ಅಕ್ಕಂಗೆ ಗಂಟಲಿನಾಗೆ ಗಡ್ಡೆ ಆಗಿ ತಗಿಸಬೇಕಾತು. ಜೀವ ಉಳೀತು, ದನಿ ಹೋತು. ಈಗ ಮಾತಾಡಿದ್ರೆ ಕಮ್ಮಾರನ ತಿದಿ ಒತ್ತಿದಂಗೆ ಬರೀ ಗಾಳಿ.

ಹೋದ ತಿಂಗಳು ಒಂದಿನ ಬೆಳಿಗ್ಗೆ ಹರಿಹರದಿಂದ ಬಸ್ ಹತ್ತಿ ನಮ್ಮನಿಗೆ ಬಂದ್ಲು. ಚೀಲದಿಂದ ಈ ಖಣದ ಗಂಟು ತೆಗೆದು ನನ್ನ ಕೈಯಾಗಿಟ್ಲು.

"ತಮ್ಮಾ, ಇದ್ರಾಗೆ ನಿಮ್ ಭಾವನ ಬದುಕೆಲ್ಲ ಐತಂತೆ. ನಂದು ಐತೇನು ನೋಡು."

"ನಿಂದು ಅಂದ್ರೆ?"

"ಅರಿಸ್ಣದ ಪದ. ಚೈತ್ರಾನ ಮದಿವಿ ಬಂತು. ನನ್ನ ಕೈಲಿ ಹಾಡಾಕಾಗಲ್ಲ. ಇದ್ರೆ ಹಾಕಾಣ ಅಂತ." ಚೈತ್ರಾ ಅಂದ್ರೆ ಅಕ್ಕನ ಮೊಮ್ಮಗಳು. ಅಜ್ಜಿ ಪದ ಇಲ್ದೆ ಮಣೆ ಮ್ಯಾಲೆ ಕೂಡಲ್ಲ ಅಂತ ಹಟ ಹಿಡಿದಿದ್ಲಂತೆ.

"ಇರದೇ ಎಲ್ಲಿ ಹೋಗ್ತೈತೆ? ಚಾ ಆರಾದ್ರಾಗೆ ತೆಗೆದು ಕೊಡ್ತೀನಿ, ಕೂಡು" ಅಂದೆ.

ಅಕ್ಕ ಗೋಡೆ ಕಡಿಗೆ ನೋಡಿದ್ಲು. "ನೀನು ಹಂಗಂತಿ. ಊರೋರ ಪದ ಎಲ್ಲ ಇಟ್ಟಿರ್ತಾರೆ. ನಂದೆಲ್ಲಿ ಇಟ್ಟಿರ್ತಾರೆ ಅವ್ರು? ನಾನು ಬಾಯಿ ತೆಗೆದ್ರೆ ಬಂದ್ ಮಾಡಸ್ತಿದ್ರು." ಆಮ್ಯಾಲೆ ನನ್ನ ಕೈ ಹಿಡಕಂಡ್ಲು. "ಇಲ್ದಿದ್ರೆ ಇಲ್ಲ ಅಂತ ಹೇಳು. ನನ್ನ ಸಮಾಧಾನಕ್ಕೆ ಸುಳ್ಳು ಹೇಳಬ್ಯಾಡ. ನಿನ್ನ ಚೇಷ್ಟೆ ಇದ್ರಾಗೆ ಬ್ಯಾಡಪ್ಪ."

ಪದ ಬೇಕಾಗಿದ್ದದ್ದು ಚೈತ್ರಾಗೆ. ಅಕ್ಕಂಗೆ ಬೇಕಾಗಿದ್ದದ್ದು ಬ್ಯಾರೆ. ಆ ಮನುಷ್ಯ ತನ್ನ ದನೀನ ಜೋಪಾನ ಮಾಡಿ ಇಟ್ಟಿದ್ರಾ, ಅಷ್ಟೇ. ಅದು ನಂಗೆ ಅವಾಗ್ಲೇ ಗೊತ್ತಾತು. ಬಾಯಿಗೆ ಬಂದ ತಮಾಷೆ ನುಂಗಿಕಂಡೆ. ನನ್ನ ಆಯುಷ್ಯದಾಗೆ ನಾನು ತಮಾಷೆ ನುಂಗಿದ್ದು ಕಮ್ಮಿ, ಜೀರ್ಣ ಆಗಲ್ಲ.

ಡಿಸ್ಕು ಹಚ್ಚಿದೆ. ಮ್ಯಾಲೆ ಹುಡುಕಾ ಡಬ್ಬಿ ಇರ್ತೈತಲ್ಲ, ಅದ್ರಾಗೆ ಬೆರಳಿನ ನೆಟಿಗೆ ಮುರಿದು "ಅರಿಶಿಣ" ಅಂತ ಒತ್ತಿದೆ. ಏನೂ ಸಿಗಲಿಲ್ಲ ಅಂತು. "ಅರಿಶಿನ" ಅಂದೆ. ಇಲ್ಲ. ಹೋಗ್ಲಿ ಅಂತ "ಮದುವೆ" ಅಂದೆ. ಇಲ್ಲ ಅಂತು. ಬರೀ ಮದುವೆಗಳೇ ತುಂಬಿರಾ ಡಬ್ಬಿ, ಮದುವೆ ಅಂದ್ರೆ ಇಲ್ಲ ಅಂತೈತೆ. ಚಾ ಆರಿತು. ಅಕ್ಕ ಊಟ ಮಾಡಿದ್ಲು. ಮಧ್ಯಾಹ್ನದ ಬಸ್ಸಿಗೆ ಹತ್ತಿಸಿ ಬರಾವಾಗ "ನಾಳೆ ಫೋನ್ ಮಾಡ್ತೀನಿ" ಅಂದೆ. ಆಕಿ ನಕ್ಕಳು. ಸಿಗಲ್ಲ ಅಂತ ಗೊತ್ತಿದ್ದೋರು ನಗಾ ನಗೆ.

ಮನಿಗೆ ಬಂದು, ಮುಗಿಯದಂಥ ಹೆಸರಿನ ಸಾಲು ಕೆಳಗೆ ತಳ್ಳಿಕಂತ ಕಣ್ಣಿಗೆ ಬಿದ್ದಷ್ಟು ಓದಿದೆ. "ಆನಗೋಡು ಮದಿವಿ ಬೀಗ್ರು ಸಿಟ್ಟಾದ್ದು." "ಕೊಂಡಜ್ಜಿ ಮದಿವಿ ಕರೆಂಟ್ ಹೋದದ್ದು." "ಮದಿವಿ ಪಾಯ್ಸ ಸೀದದ್ದು." ಅಯ್ಯೋ ಶಿವನೇ, ಮದುವೆ ಅಲ್ಲ, ಮದಿವಿ. ಈ ಮನುಷ್ಯಂಗೆ ಟೈಪಿಂಗ್ ಕಲಿಸಿದ್ದು ನಾನು ಅಂತ ಜಂಬದಿಂದ ಹೇಳಿದೆನಲ್ಲ, ಆ ಮಾತು ವಾಪಸ್ ತಗಂತೀನಿ.

ಕಲಿಸಾವಾಗ್ಲೂ ಇದೇ ಜಗಳ. "ಭಾವ, ಅದು ಮದುವೆ. ದು, ವೆ."

"ಯಾರಂತಾರೆ ಹಂಗೆ?"

"ಪುಸ್ತಕದಾಗೆ ಹಂಗೇ ಇರ್ತೈತೆ."

"ಪುಸ್ತಕದ ಮುಂದೆ ಯಾರು ಮೈಕ್ ಹಿಡಿದಾರಲೇ ಮಂಗ್ಯಾ? ಜನ ಅಂದದ್ದನ್ನ ನಾನು ಹಿಡಿದೀನಿ. ಅವ್ರು ಅಂದಂಗೆ ಬರೀತೀನಿ."

ಸೋತೆ. "ಮದಿವಿ" ಅಂತ ಒತ್ತಿದೆ ನೋಡ್ರಿ, ಗೋಣಿಚೀಲದ ಬಾಯಿ ಬಿಚ್ಚಿದ್ರೆ ಮಂಡಕ್ಕಿ ಸುರಿದಂಗೆ ಸುರಿದ್ವು. "ಅರಿಸ್ಣ" ಅಂದೆ, ಅವೂ ಬಂದ್ವು. ಒಂದೊಂದೇ ಹಚ್ಚಿದೆ. ಯಾರ್ಯಾರೋ ಹೆಂಗಸ್ರು ಹಾಡ್ತಾರೆ. ಒಬ್ಬಾಕಿ ದನಿ ತಗಡಿನ ಮ್ಯಾಲೆ ಮೊಳೆ ಎಳದಂಗೆ, ಅದೂ ಐತೆ. ನಮ್ಮಕ್ಕ ಇಲ್ಲ.

ವೀಡಿಯೋದಾಗೆ ಹುಡುಕಿದೆ. ಕೊಂಡಜ್ಜಿ ಮದುವೆ ವೀಡಿಯೋದಾಗೆ ಅಕ್ಕ ಸಿಕ್ಕಳು. ಮಣೆ ಪಕ್ಕ ಕುಂತು ಬಾಯಿ ತೆಗೆದಾಳೆ, ಹಾಡ್ತಾಳೆ, ಕೈಯಾಗೆ ಅರಿಶಿಣದ ಬಟ್ಲು. ನಾನು ಕುರ್ಚಿ ಮುಂದಕ್ಕೆ ಎಳಕಂಡೆ. ಆದ್ರೆ ದನಿ ಯಾರದು? ಸಿನಿಮಾ ಹಾಡು. ನಿಮಗೆ ನೆನಪಿರಬೇಕು, ಆ ಕಾಲದಾಗೆ ಮದುವೆ ವೀಡಿಯೋ ಅಂದ್ರೆ ಮಿಕ್ಸಿಂಗ್ ಮಾಡಬೇಕು. ಮಂದಿ ದನಿಯೆಲ್ಲ ಒರೆಸಿ ಮ್ಯಾಲೆ ಸಿನಿಮಾ ಹಾಡು ಹಚ್ಚಬೇಕು, ಇಲ್ದಿದ್ರೆ ಬೀಗರು ವೀಡಿಯೋನೇ ಅಲ್ಲ ಅಂತಿದ್ರು. ನಮ್ಮಕ್ಕನ ಬಾಯಿಂದ ಯಾವಳೋ ನಾಯಕಿ ತೋಟದಾಗೆ ಕುಣಿಯಾ ಹಾಡು ಬರ್ತೈತೆ. ಬ್ಯಾರೆ ದಿನ ಆಗಿದ್ರೆ ಹೊಟ್ಟೆ ಹಿಡಕಂಡು ನಗ್ತಿದ್ದೆ.

ಒಂದು ಮಾತು ಹೇಳ್ತೀನಿ. ಅಷ್ಟೊಂದು ವೀಡಿಯೋದಾಗೆ ಭಾವ ಒಂದ್ರಾಗೂ ಇಲ್ಲ. ಕ್ಯಾಮೆರಾ ಹಿಡಿದೋರು ಕಾಣಾದು ಹೆಂಗೆ? ಒಂದೇ ಕಡೆ, ಬಿಳಿ ಗೋಡೆ ಮ್ಯಾಲೆ ಒಂದು ನೆರಳು ಬಿದ್ದೈತೆ, ಹೆಗಲ ಮ್ಯಾಲೆ ಕ್ಯಾಮೆರಾ ಹೊತ್ತದ್ದು. ಅದನ್ನ ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿದೆ.

ಬ್ಯಾಸರ ಕಳಿಯಾಕೆ ನನ್ನ ಹೆಸರು ಒತ್ತಿದೆ. ಇಂಥಾ ದೊಡ್ಡ ಮನುಷ್ಯ, ಅಲ್ಲೊಂದು ಇಲ್ಲೊಂದಾದ್ರೂ ಇರಬೇಕಲ್ಲ? ಏನೂ ಸಿಗಲಿಲ್ಲ. ನಂಗೆ ಸಿಟ್ಟೇ ಬಂತು. ಪಕ್ಕದಾಗೆ ಹೆಸರುಬ್ಯಾಳೆ ಹಸನು ಮಾಡ್ತಾ ಕುಂತಿದ್ದ ನಮ್ಮನೆಯಾಕೆ ತಲೆ ಎತ್ತದೇ ಅಂದ್ಲು, "ಅವ್ರು ನಿಮ್ಮನ್ನ ಏನಂತ ಕರೀತಿದ್ರೋ ಅದನ್ನ ಒತ್ರಿ."

ಮಾನ ಬಿಟ್ಟು "ಮಂಗ್ಯಾ" ಅಂತ ಒತ್ತಿದೆ. ಬಂತು ನೋಡ್ರಿ ಸಾಲು. "ಮಂಗ್ಯಾ ಹಲ್ ಸೆಟ್ಟು." "ಮಂಗ್ಯಾ ನನ್ ದನಿ ಮಾಡಿದ್ದು." "ಮಂಗ್ಯಾ ಮದಿವಿ ಅಳ್ತಾನೆ." ನನ್ನ ಮದುವ್ಯಾಗೆ ಹೊಗೆಗೆ ಕಣ್ಣೀರು ಬಂದಿತ್ತು, ಅಳು ಅಲ್ಲ ಅದು. ನಮ್ಮನೆಯಾಕೆ ಮೊರ ಬಿಟ್ಟು ಬಂದು ಅದನ್ನ ಎರಡು ಸಲ ಹಾಕಿಸಿ ನೋಡಿದ್ಲು. ನನ್ನ ಒಂದು ಚೇಷ್ಟೇನೂ ಬಿಡದಂಗೆ ಹಿಡಿದು, ಜೋಡಿಸಿ, ಇಳಿಸಿ ಇಟ್ಟಿದ್ರು. ಮೈಕ್ ಕಸಕಂಡು ಬಯ್ಯಾ ಮನುಷ್ಯ ಒಳಗೆ ಟೇಪು ಬಿಟ್ಟಿದ್ರು ಅಂತ ನಂಗೆ ಯಾರು ಹೇಳಬೇಕಿತ್ತು?

ಈಗ ದಾರಿ ಗೊತ್ತಾತು. ಭಾವ ಯಾರನ್ನ ಏನಂತ ಕರೀತಿದ್ರೋ ಅದೇ ಹೆಸರು. "ಗಿರಿಜಾ" ಒತ್ತಿದೆ, ಇಲ್ಲ. "ಗಿರ್ಜಿ", ಇಲ್ಲ. "ನಮ್ಮನ್ಯಾಕಿ", ಇಲ್ಲ. "ಹೆಂಡ್ತಿ", ಬ್ಯಾರೆ ಯಾರದೋ ಹೆಂಡ್ತಿ ಬಂದ್ಲು, ಮುಚ್ಚಿದೆ.

"ಅಲ್ಲೇ, ಭಾವ ಅಕ್ಕನ್ನ ಏನಂತ ಕರೀತಿದ್ರು?" ಅಂದೆ.

ನಮ್ಮನೆಯಾಕೆ ಬ್ಯಾಳೆ ಮ್ಯಾಲೆ ಕೈ ಇಟ್ಕಂಡು ಯೋಚನೆ ಮಾಡಿದ್ಲು. "ಕರೀತಾನೇ ಇರಲಿಲ್ಲಲ್ರಿ. ಹೆಸರು ಎಲ್ಲಿ ಹಿಡೀತಿದ್ರು ಆಗಿನೋರು?"

ಅವಾಗ ಕಿವಿ ಹಿಂಡಿಸಿಕಂಡದ್ದು ನೆನಪಾತು. ಹೆಸರೇ ಇಲ್ದಿದ್ದನ್ನ ಹುಡುಕಾದು ಹೆಂಗ್ರಿ? ಕಂಪ್ಯೂಟರಿಗೆ ಒಂದು ಅಕ್ಷರನಾದ್ರೂ ಕೊಡಬೇಕಲ್ಲ. ಆ ವಾರ ದಿನಾ ಕುಂತೆ. ಕೆಮ್ಮು ಅಂತ ಒತ್ತಿದೆ, ಯಾಕಂದ್ರೆ ಭಾವ ಬಾಗಿಲಾಗೆ ನಿಂತು ಕೆಮ್ಮಿದ್ರೆ ಅಕ್ಕ ನೀರು ತರ್ತಿದ್ಲು. ಅದೂ ಇಲ್ಲ. ಅಕ್ಕನ ಮನಿಯಿಂದ ಫೋನ್ ಬಂದ್ರೆ "ಹುಡುಕ್ತಿದೀನಿ" ಅಂತಿದ್ದೆ. ಆ ಕಡೆ ಗಾಳಿ ಸಪ್ಪಳ, "ಹೋಗ್ಲಿ ಬಿಡಪ್ಪ."

ಮನಸಿನಾಗೆ ಒಂದು ಚೇಷ್ಟೆ ಸುಳೀತು, ಸುಳ್ಳು ಯಾಕೆ ಹೇಳಲಿ. ಭಾವನ ದನಿ ನಂಗೆ ಈಗ್ಲೂ ಬರ್ತೈತೆ. "ಗಿರಿಜಾನ ಪದ ಭಾಳ ಚೊಲೋ ಇತ್ತು, ಟೇಪು ಹರಿದೋತು" ಅಂತ ಅವರ ದನ್ಯಾಗೆ ಎರಡು ಮಾತು ಹಿಡಿದು ಕೊಟ್ರೆ ಅಕ್ಕ ಸಮಾಧಾನದಿಂದ ಇರ್ತಾಳಲ್ಲ? ಬಾಯಿ ತೆಗೆದು ಒಂದು ಸಲ ಮಾಡಿಯೂ ನೋಡಿದೆ. ಸುಡುಗಾಡು, ಎಷ್ಟು ಥೇಟ್ ಬಂತು ಅಂದ್ರೆ ನಂಗೇ ಮೈ ಜುಮ್ ಅಂತು. ಬ್ಯಾಡ ಅಂತ ಬಿಟ್ಟೆ. ನಿನ್ನ ಚೇಷ್ಟೆ ಇದ್ರಾಗೆ ಬ್ಯಾಡ ಅಂದಿದ್ಲಲ್ಲ.

ಹಂಗೇ ಸಪ್ಪಗೆ ಕುಂತಿದ್ದೆ. ಅಡಿಗೆ ಮನಿಯಿಂದ ನಮ್ಮನೆಯಾಕೆ ಕರೆದ್ಲು, "ಇಲ್ಲಿ ಕೇಳ್ರಿ."

ನಾನು ವಾಡಿಕೆ ಪ್ರಕಾರ ಕಿವುಡ.

"ಇಲ್ ಕೇಳ್ರಿ ಇಲ್ಲಿ, ಚಾ ಆರ್ತೈತೆ."

ನನ್ನ ಕೈ ಕೀಲಿಮಣೆ ಮ್ಯಾಲೆ ಹಂಗೇ ನಿಂತ್ವು. ಈಕಿ ನನ್ನ ಹೆಸರು ಹಿಡಿಯಲ್ಲ. ನಾನು ಈಕಿ ಹೆಸರು ಹಿಡಿಯಲ್ಲ. ಆದ್ರೂ ದಿನಕ್ಕೆ ಎಷ್ಟು ಸಲ ಒಬ್ರನ್ನೊಬ್ರು ಕರೀತೀವಿ. ಭಾವನೂ ಕರೀತಿದ್ರು. ಪಡಸಾಲ್ಯಾಗೆ ಕುಂತು, ಅಡಿಗೆ ಮನೆ ಕಡೆ ಮುಖ ಮಾಡಿ, ಊರಿಗೆ ಕೂಗಾ ದನಿ ಅಲ್ಲ, ಮೆಲ್ಲಕೆ, ಎರಡು ಮಾತು ಒಂದೇ ಮಾತಿನಂಗೆ. ಅದು ಕರೆಯಾದು ಅಂತಾನೇ ನಮಗ್ಯಾರಿಗೂ ಅನಿಸಿರಲಿಲ್ಲ.

ಕಾಗುಣಿತ, ಸಂಧಿ ಎಲ್ಲ ಪಕ್ಕಕ್ಕಿಟ್ಟು, ಅವರು ಅಂದಂಗೇ ಒತ್ತಿದೆ. "ಇಲ್ಕೇಳು."

ಪರದೆ ತುಂಬಿತು. "ಇಲ್ಕೇಳು ಆನಗೋಡು." "ಇಲ್ಕೇಳು ಮಲೇಬೆನ್ನೂರ್." "ಇಲ್ಕೇಳು ಕೊಂಡಜ್ಜಿ, ಚೊಲೋ ಐತೆ." "ಇಲ್ಕೇಳು ನೆಗಡಿ ಆಗಿತ್ತು ಆದ್ರೂ." "ಇಲ್ಕೇಳು ದಾವಣಗೆರಿ." ಎಲ್ಲೆಲ್ಲಿ ಹಾಡಿದ್ಲೋ ಎಲ್ಲ. ನಮ್ಮನೆಯಾಕೆ ಸೌಟು ಹಿಡಕಂಡು ಬಯ್ಯಾಕೆ ಬಂದಾಕಿ ನನ್ನ ಮುಖ ನೋಡಿ ಸೌಟು ಕೆಳಗಿಟ್ಲು.

ಒಂದನ್ನ ಹಚ್ಚಿದೆ. ಹೆಂಗಸ್ರ ನಗು, ಬಳೆ ಸಪ್ಪಳ. ಆಮ್ಯಾಲೆ ಏನು ಬಂತು ಅನ್ನಾದನ್ನ ನಾನು ಇಲ್ಲಿ ಹೇಳಲ್ಲ. ಅಕ್ಕ ಕೇಳಿದಾಗ ನೀವೂ ಕೇಳ್ರಿ.

ಮರುದಿನ ಬೆಳಿಗ್ಗೆ ಹರಿಹರಕ್ಕೆ ಹೋದೆ. ಪಡಸಾಲ್ಯಾಗೆ ಭಾವನ ಅದೇ ಮೇಜಿನ ಮ್ಯಾಲೆ ನನ್ನ ಲ್ಯಾಪ್‌ಟಾಪ್ ಇಟ್ಟೆ. ಅಕ್ಕ ಒಂದು ತಾಟಿನಾಗೆ ಒಗ್ಗರಣೆ ಮಂಡಕ್ಕಿ ತಂದಿಟ್ಟು ಎದುರಿಗೆ ಕುಂತ್ಲು. "ಇಲ್ಲಂತಾ?" ಅಂದ್ಲು. ಒತ್ತಿದೆ.

ನಗು, ಬಳೆ. ದೂರದಾಗೆ ಭಾವನ ದನಿ, "ಲೇ, ಹಾರ್ನ್ ಬಂದ್ ಮಾಡ್ರಲೇ."

ಅಕ್ಕನ ಮುಖ ಬಿಗೀತು. ಮೊದ್ಲು ಯಂತ್ರ ನೋಡಿದ್ಲು, ಆಮ್ಯಾಲೆ ನನ್ನ ಬಾಯಿ ನೋಡಿದ್ಲು. "ಇದು ನಿಂದೇ ದನಿ ಹೌದಲ್ಲೋ? ಬ್ಯಾಡ ಅಂದಿದ್ದೆ ನಿಂಗೆ."

ಆಯುಷ್ಯವೆಲ್ಲ ಚೇಷ್ಟೆ ಮಾಡಿದೋನಿಗೆ ಸಾಕ್ಷಿ ಯಾರು ಹೇಳ್ತಾರೆ? ನಾನು ಬಾಯಿ ತುಂಬ ಮಂಡಕ್ಕಿ ಮುಕ್ಕಿಕಂಡು, ಎರಡೂ ಕೈ ಮ್ಯಾಲೆತ್ತಿ ಕುಂತೆ. ಈ ಬಾಯಿಂದ ಯಾವ ದನಿನೂ ಬರಂಗಿಲ್ಲ ಅಂತ ತೋರಸಾಕೆ.

ಯಂತ್ರದಾಗೆ ಒಬ್ಬಾಕಿ ವಯಸ್ಸಾದ ಹೆಂಗಸು ಕೇಳಿದ್ಲು, "ಯಾಕಪ್ಪ ರುದ್ರಪ್ಪ, ಆಕಿ ಹಾಡಿದ್ರೆ ನಿಂಗೇನು ಕಷ್ಟ? ಊರು ಕೇಳಲಿ ಬಿಡು."

ಭಾವ ಈಗ ಹತ್ರ ಬಂದಿದ್ರು, ಟೇಪಿನ ಪಕ್ಕದಾಗೇ, ಗುಟ್ಟು ಹೇಳಿದಂಗೆ. "ಹಾರ್ನ್ ಇದ್ರೆ ಟೇಪಿನಾಗೆ ಬರೀ ಕುಂಯ್ ಅಂತ ಬರ್ತೈತೆ ಅತ್ತಿ. ಆಕಿ ದನಿ ಕೆಡ್ತೈತೆ. ಟೇಪು ನಡೆದೈತೆ ಅಂತ ಹೇಳಬ್ಯಾಡ್ರಿ, ನಾಚಿ ನಿಲ್ಲಿಸಿಬಿಡ್ತಾಳೆ." ಆಮ್ಯಾಲೆ ಮುಖ ತಿರುಗಿಸಿದಂಗಾತು, ಮೆಲ್ಲಕೆ, "ಇಲ್ಕೇಳು."

"ಆಂ, ಏನ್ರಿ?" ಅಂದ್ಲು ಅಕ್ಕ.

ಟೇಪಿನಾಗಲ್ಲ. ನನ್ನ ಎದುರಿಗೆ. ದನಿ ಇಲ್ಲ, ಬರೀ ಗಾಳಿ, ಆದ್ರೂ ಏಳಾಕೆ ಮಣಕಾಲ ಮ್ಯಾಲೆ ಕೈ ಊರಿ ಅರ್ಧ ಎದ್ದಿದ್ಲು. ನೀರು ತರಾಕೆ ಇರಬೇಕು. ಹಂಗೇ ಅರ್ಧ ಎದ್ದಾಕಿ ಅಲ್ಲೇ ನಿಂತ್ಲು. ಯಂತ್ರದಿಂದ ಭಾವ ಅಂದ್ರು, "ಹಾಡು ಇನ್ನ." ಪದ ಶುರುವಾತು. ಬಟ್ಟಲ ಅರಿಸ್ಣ ಕಲಸಿ ತಂದೆ.

ಅಕ್ಕ ಕುಂತ್ಲು. ನಾನು ಮಂಡಕ್ಕಿ ಅಗಿಯಾಕೂ ಆಗದೆ, ನುಂಗಾಕೂ ಆಗದೆ ಕುಂತಿದ್ದೆ. ಪದ ಮುಗಿದ ಮ್ಯಾಲೆ ಭಾಳ ಹೊತ್ತು ಆಕಿ ಮೇಜಿನ ಧೂಳು ಸೆರಗಿಲೆ ಒರೆಸಿದ್ಲು.

"ಕುಂಯ್ ಅಂತೈತೆ ಅಂತ ಬಂದ್ ಮಾಡಸ್ತಿದ್ರಾ?"

"ಹ್ಞೂಂ."

"ನನ್ನ ದನಿ ಸರಿಯಿಲ್ಲ, ನಾಕು ಮಂದ್ಯಾಗೆ ಮಾನ ಹೋಗ್ತೈತೆ ಅಂತ ಮಾಡಸ್ತಾರೆ ಅಂದ್ಕಂಡಿದ್ನಲ್ಲೋ. ಒಂದು ಮಾತು ಹೇಳಬಾರ್ದಿತ್ತೇನು?"

"ಹೇಳಿದ್ರೆ ನೀನು ಹಾಡ್ತಿದ್ಯೇನು?"

ಯೋಚನೆ ಮಾಡಿದ್ಲು. "ಇಲ್ಲ" ಅಂದ್ಲು. ಆಮ್ಯಾಲೆ, "ಇನ್ನೊಂದು ಹಚ್ಚು. ಅದ್ರಾಗೂ ಕರೀತಾರೇನು ನೋಡಾಣ."

ಎಲ್ಲದ್ರಾಗೂ ಕರೆದಿದ್ರು.

ಚೈತ್ರಾನ ಅರಿಶಿಣದ ದಿನ ಮನೆ ಮುಂದಿನ ಪೆಂಡಾಲಿನಾಗೆ ಆಳೆತ್ತರದ ಸ್ಪೀಕರ್ ಬಾಕ್ಸು ನಿಂತಿದ್ವು. ಪದವನ್ನ ಓಣಿಗೆಲ್ಲ ಕೇಳಿಸಾಣ ಅಂತ ನಾನೇ ವೈರ್ ಎಳೆದು ಸಜ್ಜು ಮಾಡಿದ್ದೆ. ಇಷ್ಟು ವರ್ಷದ ಮುಳ್ಳು ಕಿತ್ತಂಗಾಗ್ತೈತೆ, ಊರು ಕೇಳಲಿ ಅಂತ. ಅಕ್ಕ ಬಂದು ಬಾಕ್ಸು ನೋಡಿದ್ಲು. ನನ್ನ ಕಡೆ ತಿರುಗಿ ಕೈ ಆಡಿಸಿದ್ಲು. "ಅದು ಬಂದ್ ಮಾಡು. ಕುಂಯ್ ಅಂತೈತೆ."

ಲ್ಯಾಪ್‌ಟಾಪನ್ನ ಚೈತ್ರಾನ ಪಕ್ಕ ಇನ್ನೊಂದು ಮಣೆ ಮ್ಯಾಲೆ ಇಟ್ವಿ. ಸಣ್ಣ ದನಿ. ಹೆಂಗಸ್ರೆಲ್ಲ ಮೈಗೆ ಮೈ ತಾಗಿಸಿ ಬಗ್ಗಿ ಕುಂತ್ರು. ಅಕ್ಕ ಅರಿಶಿಣದ ಬಟ್ಲು ಹಿಡಕಂಡು ಮೊಮ್ಮಗಳ ಕೆನ್ನಿಗೆ ಹಚ್ತಾ ಪದದ ಜೊತೆ ಬಾಯಿ ಆಡಿಸಿದ್ಲು. ನಂಗೆ ಆ ಕೊಂಡಜ್ಜಿ ವೀಡಿಯೋ ನೆನಪಾತು. ಅದ್ರಾಗೆ ಬಾಯಿ ಆಕಿದು, ದನಿ ಯಾರದೋ. ಈ ಸಲ ಬಾಯೂ ಆಕಿದೇ, ದನಿಯೂ ಆಕಿದೇ. ನಡುವೆ ಒಂದಿಷ್ಟು ವರ್ಷ ಇತ್ತು, ಅಷ್ಟೇ. ಹತ್ರಾತು ಅನ್ನಾ ಜಾಗಕ್ಕೆ ಬಂದಾಗ ಚೈತ್ರಾ ಅಜ್ಜಿ ಕೈ ಹಿಡಕಂಡ್ಲು. ನಾನು ಹೊಗೆ ಇಲ್ದಿದ್ರೂ ಕಣ್ಣು ಒರೆಸಿಕಂಡೆ.

ಅದನ್ನೆಲ್ಲ ಫೋನಿನಾಗೆ ಹಿಡಿದಿದ್ದೆ. ಇವತ್ತು ಡಿಸ್ಕಿಗೆ ಇಳಸ್ತಾ ಕುಂತೀನಿ. ಅಕ್ಕ ಮತ್ತೆ ಖಣ ಸುತ್ತೇ ಕಳಿಸ್ಯಾಳೆ, ಹೊಸ ಕುಂಕುಮ ಹಚ್ಚಿ. ಯಂತ್ರ ಹೆಸರು ಕೇಳ್ತು. ನಾನು ಎದೆ ಸೆಟಿಸಿ, "ಚಿ. ಸೌ. ಚೈತ್ರಾಳ ವಿವಾಹ, ಅರಿಶಿಣ ಶಾಸ್ತ್ರ" ಅಂತ ಒಂದು ಒತ್ತಕ್ಷರ ತಪ್ಪದಂಗೆ ಹೊಡೆದೆ. ನೋಡಿದೆ. ಯಾವ ಜಡ್ಜಿಗೆ ತೋರಸಾಕೆ? ಎಲ್ಲ ಅಳಿಸಿ, "ಇಲ್ಕೇಳು ಚೈತ್ರಾನ ಮದಿವಿ" ಅಂತ ಬರೆದೆ. ಭಾವನ ಸಾಲಿನ ಕೊನೆಗೆ ಹೋಗಿ ಕುಂತ್ಕಂತು. ನಾಳೆ ಯಾರಾದ್ರೂ ಹುಡುಕಿದ್ರೆ ಒಂದೇ ಕರೆಗೆ ಎಲ್ಲ ಬರ್ಲಿ.

ಅಡಿಗೆ ಮನಿಯಿಂದ ದನಿ ಬಂತು. "ಇಲ್ಲಿ ಕೇಳ್ರಿ."

"ಏನೇ?" ಅಂದೆ.

ಒಳಗೆ ಪಾತ್ರೆ ಸಪ್ಪಳ ನಿಂತಿತು. ಸ್ವಲ್ಪ ಹೊತ್ತಿಗೆ ನಮ್ಮನೆಯಾಕೆ ಒದ್ದೆ ಕೈ ಒರೆಸಿಕಂತ ಬಾಗಿಲಿಗೆ ಬಂದು, ನನ್ನನ್ನ ಮ್ಯಾಲಿಂದ ಕೆಳಗೆ ನೋಡಿದ್ಲು.

"ಹುಷಾರಾಗಿದೀರಿ ಹೌದಲ್ರಿ?"